ಹಿತ್ತಲ ಗೋಡೆಗೆ ಆರಡಿ

ಭಾನುವಾರ ಬೆಳಿಗ್ಗೆ ಎರಡನೇ ಲೋಟ ಚಹಾ ಮುಗಿಸಿದ ಹಾಗೇ ಕರಡಣ್ಣ ಹೆಂಡತಿಯ ಮುಂದೆ ಒಂದು ಘೋಷಣೆ ಹೊರಡಿಸಿದ: ಇನ್ನು ಹದಿನೈದೇ ದಿನ, ಈ ಬೀದಿಯ ಹಿತ್ತಲುಗಳಿಗೆಲ್ಲ ಕಾನೂನಿನ ರುಚಿ ತೋರಿಸಿಬಿಡುತ್ತೇನೆ. ದನಿಯಲ್ಲಿ ದಂಡಯಾತ್ರೆಗೆ ಹೊರಟ ದೊರೆಯ ಗತ್ತಿತ್ತು. ಹೆಗಲ ಮೇಲೆ ಮಾತ್ರ ಒದ್ದೆ ಟವೆಲಿತ್ತು.

ಹೆಂಡತಿ ತಲೆಯೆತ್ತಲಿಲ್ಲ. "ಬೀದಿಗೆ ರುಚಿ ತೋರಿಸೋದು ಆಮೇಲಾಗಲಿ. ಮೊದಲು ಆ ಲೋಟ ತೊಳೆದಿಡಿ," ಅಂದಳು.

ಕರಡಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಪ್ರೆಸ್ಸಿನಲ್ಲಿ ಕರಡು ತಿದ್ದುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜಿನ ಮುಂದೆ ಕೂತು, ಕಂಡವರ ಕೊಂಬು, ಒತ್ತು, ದೀರ್ಘಗಳನ್ನೆಲ್ಲ ಸರಿಮಾಡುತ್ತಾ ಬಂದವನು. ಬೀದಿಯ ಮಕ್ಕಳು ಬಿರುದನ್ನು ಕೊಂಚ ತಿರುಚಿ 'ಕರಡಿ ಮಾಮ' ಅನ್ನುತ್ತಿದ್ದವು. ಅದಕ್ಕೆ ಅವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಡಕಾರಕ್ಕೆ ಗುಡಿಸು ಯಾಕೆ ಹಾಕಿದಿರಿ ಅಂತ ಮಾತ್ರ ಕೇಳುತ್ತಿದ್ದ.

ಕಷ್ಟ ಏನೆಂದರೆ, ಸಂಜೆ ಆರಕ್ಕೆ ಪ್ರೆಸ್ಸಿನ ಬಾಗಿಲಿಗೆ ಬೀಗ ಬೀಳುತ್ತಿತ್ತೇ ಹೊರತು ಅವನ ತಿದ್ದುವ ಚಟಕ್ಕೆ ಬೀಳುತ್ತಿರಲಿಲ್ಲ. ಮೂಲೆಯಂಗಡಿಯವನು 'ತಾಜಾ ಹಾಳು ಸಿಗುತ್ತದೆ' ಅಂತ ಬೋರ್ಡು ಹಾಕಿದ್ದ. ಕರಡಣ್ಣ ಒಂದು ವಾರ ಅವನ ಬೆನ್ನು ಹತ್ತಿದ. ಕೊನೆಗೆ ಅಂಗಡಿಯವನು, ಅದನ್ನು ಓದಿಯೂ ಜನ ಹಾಲು ಕೊಳ್ಳುತ್ತಿದ್ದಾರೆ, ಕುಡಿದು ನೋಡಿದ ಮೇಲೆ ಬೋರ್ಡೇ ಸರಿ ಅನ್ನುತ್ತಿದ್ದಾರೆ ಅಂದ. ಹಲ್ಲಿನ ಡಾಕ್ಟರ ಗೋಡೆಯ ಮೇಲೆ 'ನೋವಿಲ್ಲದೆ ಹುಲ್ಲು ಕೀಳಲಾಗುವುದು' ಅಂತ ಇತ್ತು. ಅಲ್ಲಿ ಕರಡಣ್ಣ ಗೆದ್ದ. ಡಾಕ್ಟರು ಕೊಂಬು ಅಳಿಸಿದರು. ಆ ದಿನ ಅವನು ಬೀದಿಯಲ್ಲಿ ನಡೆದುಬಂದ ಠೀವಿ ನೋಡಬೇಕಿತ್ತು.

ಈಗ ಹಿತ್ತಲುಗಳ ವಿಷಯ. ಕರಡಣ್ಣನ ಮನೆ ನಡುವೆ, ಎಡಕ್ಕೆ ಟೇಲರಕ್ಕನ ಮನೆ, ಬಲಕ್ಕೆ ಡ್ರೈವರಣ್ಣನ ಮನೆ. ಮೂರರ ಹಿತ್ತಲೂ ಒಂದೇ ಸಾಲು. ನಡುನಡುವೆ ಎದೆಮಟ್ಟದ ಅಡ್ಡಗೋಡೆ. ಹಿಂದೆ ಮೂರಕ್ಕೂ ಸೇರಿ ಆಳೆತ್ತರದ ಒಂದು ಉದ್ದಗೋಡೆ. ಬೆಳಿಗ್ಗೆ ಬಟ್ಟೆ ಒಣಹಾಕುವ ಹೊತ್ತಿಗೆ ಅಲ್ಲಿ ದಿನಾ ಒಂದು ಸಭೆ ಸೇರುತ್ತಿತ್ತು. ಊರಿನ ಸಮಾಚಾರವೆಲ್ಲ ಆ ಹಗ್ಗದ ಮೇಲೆಯೇ ಒಣಗಬೇಕು. ಒಂದೇ ರಸ್ತೆಯನ್ನು ನಾಲ್ಕು ಇಲಾಖೆಯವರು ನಾಲ್ಕು ಸಲ ಅಗೆದು, ಐದನೇ ಸಲ ಯಾರು ಅಗೆದರು ಅಂತ ನಾಲ್ವರೂ ಹುಡುಕುತ್ತಿದ್ದದ್ದು. ಕಸದ ಗಾಡಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಹಾಡು ಹೇಳುತ್ತಾ ಬರುವುದು. ಎದುರಿಗೆ ಮೂರು ತಿಂಗಳಿಂದ ವಾರಸುದಾರರಿಲ್ಲದೆ ನಿಂತ ಕಾರಿನಡಿ ಬೆಕ್ಕು ಎರಡು ಬಾರಿ ಮರಿ ಹಾಕಿ, ಈಗ ಕಾರು ಬೆಕ್ಕಿನದೇ ಅಂತ ಎಲ್ಲರೂ ಒಪ್ಪಿಕೊಂಡದ್ದು.

ಟೇಲರಕ್ಕ ಐವತ್ತು ದಾಟಿದ ಒಂಟಿ ಹೆಂಗಸು. ಸ್ಕೂಲ್ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಎರಡೇ ಕೋಣೆಯ ಮನೆಯಲ್ಲಿ ಎರಡು ಮೆಷಿನ್ನು, ಕತ್ತರಿಸುವ ಮೇಜು, ಬಟ್ಟೆಯ ಗಂಟುಗಳ ನಡುವೆ ಕಾಲಿಡಲು ಜಾಗ ಸಾಲದೆ ಹೋದ ವರ್ಷ ಹಿತ್ತಲಲ್ಲಿ ಒಂದು ಶೀಟಿನ ಶೆಡ್ಡು ಹಾಕಿಸಿದ್ದಳು. ಕರಡಣ್ಣನ ಹೆಂಡತಿಗೂ ಅವಳಿಗೂ ಗೋಡೆ ಅಡ್ಡವೇ ಇರಲಿಲ್ಲ. ಇತ್ತಲ ಬಟ್ಟಲು ಅತ್ತ, ಅತ್ತಲ ಬಟ್ಟಲು ಇತ್ತ; ಯಾವ ಬಟ್ಟಲು ಯಾರದು ಅಂತ ಇಬ್ಬರಿಗೂ ಮರೆತುಹೋಗಿತ್ತು.

ಡ್ರೈವರಣ್ಣ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ತಾನು ಓಡಿಸಿದ ಬಸ್ಸನ್ನು ಗುಜರಿಗೆ ಹಾಕುವಾಗ ಹೋಗಿ, ಡ್ರೈವರ್ ಸೀಟನ್ನು ಮಾತ್ರ ಬಿಚ್ಚಿಸಿಕೊಂಡು ಬಂದಿದ್ದ. ಅದನ್ನು ಹಿತ್ತಲಲ್ಲಿ ನೆಟ್ಟು, ಮೇಲೊಂದು ತಗಡಿನ ಮಾಡು ಹೊದಿಸಿ, ಸಂಜೆಯೆಲ್ಲ ಅದರಲ್ಲೇ ಕೂರುತ್ತಿದ್ದ. ಮಾತಿನ ನಡುವೆ ಎಡಗೈ ತಾನಾಗಿಯೇ ಗೇರಿನ ಕಡೆ ಹೋಗುತ್ತಿತ್ತು. ಬೆಕ್ಕು ಅಡ್ಡ ಬಂದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ.

ಆ ವಾರ ಗೋಡೆಯ ಮೇಲಿನ ಮಾತು ಒಂದೇ: ನಗರ ಕಚೇರಿಯವರು ಹಿತ್ತಲಿಗೂ ರೂಲ್ಸ್ ಮಾಡಿದ್ದಾರಂತೆ. ಬಟ್ಟೆಯ ಹಗ್ಗ ಕಟ್ಟಲಿಕ್ಕೂ ಪರವಾನಗಿ ಬೇಕಂತೆ ಅಂತ ಡ್ರೈವರಣ್ಣ. ಆಳೆತ್ತರ ಮೀರದಿದ್ದರೆ ಏನೂ ಕೇಳುವುದಿಲ್ಲವಂತೆ ಅಂತ ಟೇಲರಕ್ಕ. ಆಕಾಶದಿಂದ ಎಲ್ಲರ ಹಿತ್ತಲಿನ ಫೋಟೋ ತೆಗೆಯುತ್ತಾರಂತೆ, ಇನ್ನು ಹರಕು ಬಟ್ಟೆ ಒಣಹಾಕುವ ಹಾಗಿಲ್ಲ ಅಂತ ಕರಡಣ್ಣನ ಹೆಂಡತಿ. ಇಷ್ಟೊಂದು 'ಅಂತೆ'ಗಳನ್ನು ಒಟ್ಟಿಗೇ ಕೇಳಿ ಕರಡಣ್ಣನಿಗೆ ಮೈಯೆಲ್ಲ ತುರಿಕೆ ಬಂತು. ಮರುದಿನವೇ ಕಚೇರಿಗೆ ಹೋಗಿ, ರೂಲ್ಸಿನ ಕೈಪಿಡಿ ಕೊಂಡು ತಂದ. ಅದನ್ನು ಓದಿ ಮುಗಿಸಿದ್ದು ಈ ಭಾನುವಾರ.

ಹದಿನಾಲ್ಕನೇ ಪುಟದ ಒಂದು ವಾಕ್ಯ ಅವನ ಮನಸ್ಸನ್ನು ಸೂರೆಗೊಂಡಿತ್ತು. 'ನಿವೇಶನದ ಮುಂಭಾಗದಲ್ಲಿ ಆರು ಅಡಿ ಹಾಗೂ ಹಿಂಭಾಗದಲ್ಲಿ ಆರು ಅಡಿ ತೆರವು ಬಿಡತಕ್ಕದ್ದು.' ಎಂಥ ಸಮತೂಕ ನೋಡು, ತಕ್ಕಡಿಯಲ್ಲಿ ತೂಗಿದ ಹಾಗಿದೆ ಅಂತ ಹೆಂಡತಿಗೆ ಎರಡು ಸಲ ಓದಿ ಹೇಳಿದ. ಕೆಳಗೆ ಸಣ್ಣಕ್ಷರದಲ್ಲಿ ಶೆಡ್ಡು, ಮಾಡು, ಸ್ನಾನದ ಮನೆ ಎಲ್ಲಕ್ಕೂ ಇದು ಅನ್ವಯ ಅಂತಲೂ ಇತ್ತು.

ಲೋಟ ತೊಳೆದಿಟ್ಟು ನೇರ ಗೋಡೆಯ ಹತ್ತಿರ ಹೋದವನು ಟೇಲರಕ್ಕನ ಅಳತೆ ಟೇಪು ಕೇಳಿದ. ಅವಳು ಪಾಪ, ಕಿಟಕಿಯ ಪರದೆಗೋ ಏನೋ ಅಂದುಕೊಂಡು ಕೊಟ್ಟಳು. ಅದರಲ್ಲೇ ಅವಳ ಶೆಡ್ಡನ್ನು ಅಳೆದ. ಹಿತ್ತಲ ಗೋಡೆಯಿಂದ ನಾಲ್ಕಡಿ. ಡ್ರೈವರಣ್ಣನ ಮಾಡು ಮೂರೂವರೆ. ಅಡಿ ಎಷ್ಟಿರಬೇಕು, ಎಷ್ಟಿದೆ, ಎಷ್ಟು ಕಡಿಮೆ ಅಂತ ಇಬ್ಬರಿಗೂ ವಿವರವಾಗಿ ತಿಳಿಸಿ, ಟೇಪನ್ನು ಮಡಿಸಿ, ಧನ್ಯವಾದ ಹೇಳಿ ಹಿಂದಕ್ಕೆ ಕೊಟ್ಟ. ಟೇಲರಕ್ಕ ಟೇಪನ್ನೇ ನೋಡುತ್ತಾ ನಿಂತಳು. ತನ್ನ ಟೇಪೇ ತನ್ನ ಕುತ್ತಿಗೆ ಸುತ್ತಿಕೊಳ್ಳುತ್ತದೆ ಅಂತ ಅವಳು ಎಣಿಸಿರಲಿಲ್ಲ.

ಯಾರ ಮೇಲೂ ದೂರು ಬರೆಯಕೂಡದು ಅಂತ ಹೆಂಡತಿ ಮೊದಲೇ ತಾಕೀತು ಮಾಡಿದ್ದಳು. ಕರಡಣ್ಣ ದೂರು ಬರೆಯಲಿಲ್ಲ. ಸ್ಪಷ್ಟೀಕರಣ ಕೋರಿದ, ಅಷ್ಟೇ. ನಾಲ್ಕಡಿ, ಮೂರೂವರೆ ಅಡಿ ಬಿಟ್ಟವರು ಏನು ಮಾಡಬೇಕು ಅಂತ ಒಂದು ಸಜ್ಜನಿಕೆಯ ಪತ್ರ. ಆದರೆ ಉದಾಹರಣೆ ಕೊಟ್ಟ ಮೇಲೆ ಅದು ನಿಖರವಾಗಿರಬೇಡವೇ? ಹಾಗಾಗಿ ಎರಡೂ ಮನೆಯ ನಂಬರು ಬರೆದ. ಬೀದಿಯ ಹೆಸರು ಬರೆದ. ಗುರುತು ಸಿಗಲಿ ಅಂತ ಎದುರಿಗೆ ನಿಂತ ಬೆಕ್ಕಿನ ಕಾರನ್ನೂ ಸೇರಿಸಿದ. ಒಂದು ಅಲ್ಪವಿರಾಮವೂ ಆಚೀಚೆಯಾಗದ ಹಾಗೆ ನೋಡಿಕೊಂಡು ಅಂಚೆಗೆ ಹಾಕಿದ.

ಅದೇ ಬೀದಿಯವರು ಚರಂಡಿ ಕಟ್ಟಿದೆ ಅಂತ ಬರೆದ ಹನ್ನೊಂದು ಪತ್ರಕ್ಕೆ ಕಚೇರಿಯಿಂದ ಉತ್ತರ ಬಂದಿರಲಿಲ್ಲ. ಇದಕ್ಕೆ ಒಂಬತ್ತನೇ ದಿನ ಅಳತೆಯ ಸಾಹೇಬರೇ ಖುದ್ದಾಗಿ ಬಂದರು. ಕೈಯಲ್ಲಿ ಉಕ್ಕಿನ ಟೇಪು, ಕಂಕುಳಲ್ಲಿ ಅದೇ ಕೈಪಿಡಿ. ಪತ್ರ ಬರೆದವರು ಯಾರು ಅಂತ ಕೇಳಿದಾಗ ಕರಡಣ್ಣ ಎದೆಯುಬ್ಬಿಸಿ ಮುಂದೆ ಬಂದ. ಬೀದಿ ನೋಡುತ್ತಿತ್ತು.

ಸಾಹೇಬರು ಎಡಮನೆ ಅಳೆದರು, ಬಲಮನೆ ಅಳೆದರು, ಆಮೇಲೆ ಯಾರೂ ಕರೆಯದೆಯೇ ನಡುಮನೆಗೂ ಬಂದರು. ಕರಡಣ್ಣನ ಮನೆಯ ಹಿಂಬಾಗಿಲಿನಿಂದ ಹಿತ್ತಲ ಗೋಡೆಗೆ ಒಟ್ಟು ಒಂಬತ್ತಡಿ. ಅದರಲ್ಲಿ ಮನೆಗೆ ಒತ್ತಿಕೊಂಡು ಬಚ್ಚಲುಮನೆ. ಬಚ್ಚಲಿನಿಂದ ಗೋಡೆಗೆ ಉಳಿದದ್ದು ನಾಲ್ಕೂವರೆ ಅಡಿ. ಊರನ್ನೆಲ್ಲ ಅಳೆದವನಿಗೆ ತಾನು ದಿನಾ ಸ್ನಾನ ಮಾಡುವ ಜಾಗ ಅಳೆಯಬೇಕು ಅಂತ ಹೊಳೆದೇ ಇರಲಿಲ್ಲ.

"ನಿಮ್ಮ ಪತ್ರದಲ್ಲಿ ಒಂದು ಮನೆ ಬಿಟ್ಟುಹೋಗಿತ್ತು ಸಾರ್," ಅಂದರು ಸಾಹೇಬರು, ಬಹಳ ವಿನಯದಿಂದ. "ನಾನೇ ಸೇರಿಸಿದ್ದೀನಿ."

ಮೂರು ಮನೆಗೂ ಮೂರು ನೋಟೀಸು ಬಂತು. ಹದಿನೈದು ದಿನದೊಳಗೆ ತೆರವು ಮಾಡಬೇಕು.

ಗೋಡೆಯ ಸಭೆ ಅಂದಿಗೆ ಬರಖಾಸ್ತಾಯಿತು. ಟೇಲರಕ್ಕ ತನ್ನ ಕಡೆಯ ಹಗ್ಗಕ್ಕೆ ಒಂದು ಉದ್ದನೆಯ ಬೆಡ್‌ಶೀಟು ಹಾಕಿದಳು. ಅದು ಒಣಗಿದ ಮೇಲೂ ತೆಗೆಯಲಿಲ್ಲ. ಬಟ್ಟಲುಗಳ ಓಡಾಟ ನಿಂತಿತು. ಕರಡಣ್ಣನ ಹೆಂಡತಿ ಎರಡು ದಿನ ಗೋಡೆಯ ಹತ್ತಿರ ಹೋಗಿ ಕೆಮ್ಮಿ ನೋಡಿದಳು. ಆ ಕಡೆಯಿಂದ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಉತ್ತರ ಇಲ್ಲ. ಒಳಗೆ ಬಂದು, "ಊರಿಗೆ ಉಪಕಾರ ಮಾಡಿದ್ದಾಯ್ತಾ? ಈಗ ಮನೆಗೂ ಮಾಡಿ, ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಬಾಯಿ ಮುಚ್ಚಿಕೊಂಡ. ಆದರೆ ಕೈ ಸುಮ್ಮನಿರಲಿಲ್ಲ. ಕಾನೂನು ಹೇಳುವವನು ಮೊದಲು ತಾನು ಪಾಲಿಸಬೇಕು, ಆಗ ಬೀದಿಗೆ ತನ್ನ ಮೇಲೆ ಗೌರವ ಮರಳುತ್ತದೆ ಅನ್ನುವುದು ಅವನ ಲೆಕ್ಕಾಚಾರ. ಮುಂದಿನ ಭಾನುವಾರ ಹೆಂಡತಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ, ಡಾಕ್ಟರ ಮನೆಗೆ ಸುಣ್ಣ ಬಳಿಯುತ್ತಿದ್ದವರಿಂದ ಒಂದು ಸುತ್ತಿಗೆ ತಂದು, ಸ್ವಂತ ಬಚ್ಚಲಿನ ಮೇಲೆ ಎತ್ತಿದ. ಪೆನ್ನಿಗಿಂತ ಭಾರದ್ದನ್ನು ಎಂದೂ ಎತ್ತದ ಕೈ. ಮೊದಲ ಏಟು ಗೋಡೆಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ, ಮೂರನೆಯದು ನೀರಿನ ಪೈಪಿಗೆ. ಕಾರಂಜಿ ಎದ್ದಿತು. ಕರಡಣ್ಣ ನೆನೆದು ತೊಪ್ಪೆಯಾದ, ಆದರೂ ಬಿಡಲಿಲ್ಲ. ಹೆಂಡತಿ ಚೀಲ ಹಿಡಿದು ಮನೆಗೆ ಬರುವ ವೇಳೆಗೆ ಮೂರು ಗೋಡೆ ಉರುಳಿ, ಇಟ್ಟಿಗೆ ಗುಡ್ಡೆಯ ಮೇಲೆ ಅವನು ವಿಜಯಸ್ತಂಭದ ಹಾಗೆ ನಿಂತಿದ್ದ.

ಅವಳು ಚೀಲ ಕೆಳಗಿಟ್ಟಳು. ಇಟ್ಟಿಗೆ ನೋಡಿದಳು, ಗಂಡನನ್ನು ನೋಡಿದಳು. ಸ್ನಾನ ಎಲ್ಲಿ ಮಾಡುವುದು ಅಂತ ಒಂದೇ ಪ್ರಶ್ನೆ ಕೇಳಿದಳು. ಕೈಪಿಡಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಅಂದಿನಿಂದ ಹಿತ್ತಲ ಮೂಲೆಯಲ್ಲಿ ನಾಲ್ಕು ಕೋಲು ನೆಟ್ಟು, ದೊಡ್ಡ ದೊಡ್ಡ ಸೂರ್ಯಕಾಂತಿ ಹೂವಿನ ಹಳೆಯ ಪರದೆ ಕಟ್ಟಿ ಸ್ನಾನ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಪರದೆ ಹಿಡಿದು ನಿಲ್ಲಬೇಕು. ಗಾಳಿ ಎದ್ದರೆ ಇಬ್ಬರೂ ಹಿಡಿಯಬೇಕು.

ಬೀದಿಯಲ್ಲಿ ಗೌರವವೇನೋ ಮರಳಿತು. ಬರಬಾರದ ದಾರಿಯಲ್ಲಿ ಬಂತು. ಬೆಡ್‌ಶೀಟಿನ ಸಂದಿಯಿಂದ ಈ ಅವಸ್ಥೆ ನೋಡಿದ ಟೇಲರಕ್ಕನಿಗೆ, ತನ್ನ ಮನೆಯನ್ನೇ ಒಡೆದುಕೊಂಡವನ ಮುಂದೆ ತಾನು ಹಟ ಹಿಡಿಯುವುದು ತರವಲ್ಲ ಅನ್ನಿಸಿತು. ಮರುದಿನವೇ ಇಬ್ಬರು ಆಳುಗಳನ್ನು ಕರೆಸಿ ಶೆಡ್ಡು ಬಿಚ್ಚಿಸಿದಳು. ಎರಡು ಮೆಷಿನ್ನೂ ಮುಂದಿನ ಕೋಣೆಗೆ ಬಂದವು. ಮೇಜು ಮಂಚದ ಮೇಲೇರಿತು, ಅವಳು ನೆಲಕ್ಕಿಳಿದಳು. ಸ್ಕೂಲು ತೆರೆಯಲು ಮೂರು ವಾರವಿತ್ತು. ನಾನೂರು ಅಂಗಿ ಬಾಕಿಯಿತ್ತು.

ಡ್ರೈವರಣ್ಣ ಮಾತ್ರ ಜಗ್ಗಲಿಲ್ಲ. ನೋಟೀಸನ್ನು ಮಡಿಸಿ ಸೀಟಿನಡಿ ಹಾಕಿಕೊಂಡು ಬೆಳಿಗ್ಗೆಯಿಂದಲೇ ಕೂರತೊಡಗಿದ. ಮೂವತ್ತು ವರ್ಷ ಯಾವ ಚೆಕಿಂಗಿನವನೂ ತನ್ನನ್ನು ಈ ಸೀಟಿನಿಂದ ಎಬ್ಬಿಸಿಲ್ಲ, ಬೇಕಿದ್ದರೆ ಪ್ಯಾಸೆಂಜರ್ ಆಗಿ ಬಂದು ಕೂರಲಿ ಅಂತ ಸಾಹೇಬರಿಗೆ ಹೇಳಿ ಕಳಿಸಿದ.

ಇಷ್ಟೆಲ್ಲ ಆದ ಮೇಲೂ ಕರಡಣ್ಣನಿಗೆ ಒಂದು ಆಸೆ ಉಳಿದಿತ್ತು. ತಾನು ನಿಯಮ ಪಾಲಿಸಿದ್ದಕ್ಕೆ ಕಚೇರಿಯಿಂದ ಒಂದು ಪ್ರಮಾಣಪತ್ರ ಬೇಕು, ಅದಕ್ಕೆ ಚೌಕಟ್ಟು ಹಾಕಿಸಬೇಕು. ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಹೋದ. ಐದು ಟೇಬಲ್ ಸುತ್ತಿಸಿ ಅವನನ್ನು ರೆಕಾರ್ಡ್ ರೂಮಿಗೆ ಕಳಿಸಿದರು. ಅಲ್ಲಿದ್ದ ಮೇಡಂ ವಯಸ್ಸಾದವರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಕನ್ನಡಕ ಹುಡುಕುವವರು. ಪ್ರಮಾಣಪತ್ರ ಕೊಡಬೇಕಾದರೆ ಮೂಲ ಆದೇಶ ನೋಡಬೇಕು ಅಂತ, ಧೂಳು ಕೊಡವಿ ಒಂದು ದಪ್ಪ ಫೈಲು ತೆಗೆದರು. ಓದಿದರು. ಕರಡಣ್ಣನ ಮುಖ ನೋಡಿದರು. ಮತ್ತೆ ಓದಿದರು.

"ನೀವು ಯಾಕೆ ಒಡೆದ್ರಿ? ಹಿಂದೆ ಮೂರಡಿ ಬಿಟ್ಟರೆ ಸಾಕಲ್ಲ."

ಕರಡಣ್ಣ ಫೈಲಿಗೆ ಕತ್ತು ಚಾಚಿದ. ಆದೇಶ ಸ್ಪಷ್ಟವಾಗಿತ್ತು: ಮುಂದೆ ಆರು, ಹಿಂದೆ ಮೂರು. ಟೇಲರಕ್ಕನ ನಾಲ್ಕಡಿ ಸರಿ. ಡ್ರೈವರಣ್ಣನ ಮೂರೂವರೆ ಸರಿ. ತನ್ನ ನಾಲ್ಕೂವರೆಯಂತೂ ಧಾರಾಳ. ಚೀಲದಿಂದ ಕೈಪಿಡಿ ತೆಗೆದು ಪಕ್ಕದಲ್ಲಿಟ್ಟ. ಅಲ್ಲಿ ಆರು, ಇಲ್ಲಿ ಮೂರು. ಅಚ್ಚಿನ ತಪ್ಪು!

ಬಚ್ಚಲು ಕಳೆದುಕೊಂಡವನಿಗೆ ಆ ಕ್ಷಣ ಆದದ್ದು ದುಃಖವಲ್ಲ. ಬೇಟೆಗಾರನಿಗೆ ಹೆಜ್ಜೆ ಗುರುತು ಸಿಕ್ಕ ಸಂಭ್ರಮ. ಇದು ಅವನ ಕಾಡು. ಇಡೀ ರೆಕಾರ್ಡ್ ರೂಮಿಗೆ ಕೇಳುವ ಹಾಗೆ ಶುರುಮಾಡಿದ: ಒಂದು ಅಂಕಿ ನೋಡಲಾರದವರು ಈ ಕೆಲಸಕ್ಕೆ ಯಾಕೆ ಬರಬೇಕು, ಮನೆಗಳು ಉರುಳುತ್ತಿವೆ, ಹೆಂಗಸರು ಪರದೆಯ ಹಿಂದೆ ನಡುಗುತ್ತಾ ಸ್ನಾನ ಮಾಡುತ್ತಿದ್ದಾರೆ, ಇದಕ್ಕೆಲ್ಲ ಯಾರು ಜವಾಬ್ದಾರಿ. ಕೊನೆಗೆ, "ಇದರ ಕರಡು ನೋಡಿದ ಕತ್ತೆ ಯಾವುದು, ಅದನ್ನು ಮೊದಲು ಹೇಳಿ," ಅಂದ.

ಮೇಡಂ ಶಾಂತವಾಗಿ ಫೈಲಿನ ಹಿಂದಿನ ಪುಟಗಳನ್ನು ಮಗುಚಿದರು. ಕರಡು ಹಾಳೆಗಳನ್ನೆಲ್ಲ ದಾರ ಹಾಕಿ ಹೊಲಿದಿಟ್ಟಿದ್ದರು. ಕೈಪಿಡಿ ಅಚ್ಚು ಮಾಡಿದ ದೊಡ್ಡ ಪ್ರೆಸ್ಸಿನವರಿಗೆ ಸಮಯ ಸಾಲದೆ, ನಡುವಿನ ಕೆಲವು ಹಾಳೆಗಳನ್ನು ಸಣ್ಣ ಪ್ರೆಸ್ಸೊಂದಕ್ಕೆ ತಿದ್ದಲು ಕೊಟ್ಟಿದ್ದರಂತೆ. ಹದಿನಾಲ್ಕನೇ ಹಾಳೆ ತೆರೆದು ಅವನ ಕಡೆ ತಿರುಗಿಸಿದರು.

ಅಕ್ಷರ ಜೋಡಿಸಿದವನು ಸರಿಯಾಗಿಯೇ 'ಹಿಂಭಾಗದಲ್ಲಿ ಮೂರು ಅಡಿ' ಅಂತ ಜೋಡಿಸಿದ್ದ. ಆ 'ಮೂರು' ಅನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ 'ಆರು' ಅಂತ ಬರೆದಿತ್ತು. ಅಂಚಿನಲ್ಲಿ ಅದೇ ಕೆಂಪಿನಲ್ಲಿ ಒಂದು ಷರಾ: 'ಮುಂದೆ ಆರು, ಹಿಂದೆ ಮೂರು? ಸಮತೂಕವಿಲ್ಲ. ಅಜಾಗರೂಕತೆ!' ಅದರ ಕೆಳಗೊಂದು ಸಹಿ.

ಆ ಸಹಿಯ ಬಾಲ ಬಲಕ್ಕೆ ಹೋಗಿ, ಮೇಲಕ್ಕೆ ಸುತ್ತಿ, ಒಂದು ಚುಕ್ಕೆಯಲ್ಲಿ ನಿಲ್ಲುತ್ತಿತ್ತು. ಕರಡಣ್ಣನಿಗೆ ಆ ಬಾಲ ಚೆನ್ನಾಗಿ ಗೊತ್ತು. ದಿನಕ್ಕೆ ನಲವತ್ತು ಸಲ ಹಾಕುವಂಥದ್ದು. ಎರಡು ವರ್ಷದ ಹಿಂದೆ, ಒಂದೇ ಮಧ್ಯಾಹ್ನ ನಾಲ್ಕು ಕೆಲಸ ಮೇಜಿನ ಮೇಲೆ ಬಿದ್ದಿದ್ದಾಗ, ಮುಖಪುಟವಿಲ್ಲದ, ಹಿಂದುಮುಂದಿಲ್ಲದ ಕೆಲವು ಹಾಳೆಗಳು ಬಂದಿದ್ದವು. ಯಾರದು, ಏನು ಅಂತ ಅವನು ಕೇಳಿರಲಿಲ್ಲ. ತಾನು ಅಕ್ಷರ ಓದುವವನು, ವಿಷಯ ಓದುವವನಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವನಲ್ಲವೇ?

"ಸಹಿ ಇದೆ, ಆದ್ರೆ ನನಗೆ ಓದಕ್ಕಾಗ್ತಿಲ್ಲ," ಅಂದರು ಮೇಡಂ. "ನೀವು ಅಕ್ಷರದಲ್ಲಿ ಪಳಗಿದೋರು. ಸ್ವಲ್ಪ ನೋಡಿ, ಯಾರದು ಅಂತ ಗೊತ್ತಾಗುತ್ತಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕರಡಣ್ಣ, ಓದಲಿಕ್ಕಾಗುತ್ತಿಲ್ಲ ಅಂದ. ಕೈಪಿಡಿಯನ್ನು ಚೀಲಕ್ಕೆ ಹಾಕಿಕೊಂಡು, ಪ್ರಮಾಣಪತ್ರದ ಮಾತೆತ್ತದೆ ಹೊರಗೆ ಬಂದ.

ಎರಡು ದಿನ ಅವನು ಕೈಪಿಡಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಫೈಲು ಮತ್ತೆ ಧೂಳಿನೊಳಗೆ ಹೋಗಿದೆ. ಆದರೆ ಗೋಡೆಯ ಆಚೆ ಮೆಷಿನ್ನಿನ ಸದ್ದು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು, ಮುಂದಿನ ಕೋಣೆಯ ಇಕ್ಕಟ್ಟಿನಿಂದ ಉಸಿರುಕಟ್ಟಿ ಬರುತ್ತಿತ್ತು. ಅದು ಪ್ರತಿ ಹೊಲಿಗೆಗೂ ಮೂರು, ಮೂರು, ಮೂರು ಅಂತ ಹೇಳಿದ ಹಾಗೆ ಅವನಿಗೆ ಕೇಳುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಹೇಳಿದ. ಹೊತ್ತನ್ನು ಯೋಚಿಸಿಯೇ ಆರಿಸಿದ್ದ: ಅವಳು ಥಟ್ಟನೆ ಹೊರಗೆ ಬರುವ ಹಾಗಿಲ್ಲ, ಕೈಗೆ ಸಿಗುವುದು ಒಂದು ಚೊಂಬು ಮಾತ್ರ. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು, ಸೂರ್ಯಕಾಂತಿ ಹೂವಿಗೆ ಮುಖ ಮಾಡಿ, ಫೈಲಿನಿಂದ ಸಹಿಯ ಬಾಲದವರೆಗೆ ಎಲ್ಲವನ್ನೂ ಒಪ್ಪಿಸಿದ. ಒಳಗೆ ನೀರಿನ ಸದ್ದು ನಿಂತಿತು.

"ಸಹಿ ನಿಮ್ಮದೇನಾ?"

"ನನ್ನದೇ."

ಎಣಿಸಿದ ಹಾಗೆ ಚೊಂಬು ಪರದೆಯ ಮೇಲಿಂದ ಹಾರಿ ಬಂತು. ಭುಜಕ್ಕೆ ತಾಗಿ ಕೆಳಗೆ ಬಿತ್ತು. ಹಿಂದೆಯೇ ಅವಳ ದನಿ ಕೇಳಿಸಿತು: "ಟೇಲರಕ್ಕನಿಗೆ ಗೊತ್ತಾ?"

"ಇಲ್ಲ."

"ಚೊಂಬು ಕೊಡಿ. ನಾನು ಸ್ನಾನ ಮುಗಿಸೋದರೊಳಗೆ ಹೋಗಿ ಹೇಳಿ ಬನ್ನಿ. ಪರದೆ ನಾನೇ ಹಿಡ್ಕೊಳ್ತೀನಿ."

ಟೇಲರಕ್ಕನ ಮುಂದಿನ ಕೋಣೆಯಲ್ಲಿ ಕಿಟಕಿಯವರೆಗೂ ನೀಲಿ ಅಂಗಿಗಳ ರಾಶಿ. ಅದರ ಸಂದಿಯಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು. ಕರಡಣ್ಣ ಬಾಗಿಲಲ್ಲೇ ನಿಂತು ಹೇಳಿದ. ಇಷ್ಟು ವರ್ಷ ಯಾರೋ ಬರೆದದ್ದನ್ನು ತಿದ್ದಿದವನಿಗೆ ಸ್ವಂತದ ನಾಲ್ಕು ಮಾತು ಕೂಡಿಸುವುದು ಕಷ್ಟವಾಯಿತು. ನಡುವೆ ಎರಡು ಕಡೆ ವ್ಯಾಕರಣವೂ ತಪ್ಪಿತು, ಅವನು ಗಮನಿಸಲಿಲ್ಲ. ಅವಳು ಮೆಷಿನ್ನು ನಿಲ್ಲಿಸಲಿಲ್ಲ. ಹೊಲಿಗೆಯ ಕೊನೆಯವರೆಗೂ ಓಡಿಸಿ, ದಾರ ಕತ್ತರಿಸಿ, ಅಂಗಿಯನ್ನು ರಾಶಿಗೆ ಹಾಕಿದ ಮೇಲೆಯೇ ಅವನ ಮುಖ ನೋಡಿದ್ದು.

"ಎಡತೋಳನ್ನ ಬಲಕ್ಕೆ ಹೊಲಿದುಬಿಟ್ಟರೆ ನಾನೇನು ಮಾಡ್ತೀನಿ ಹೇಳು? ಅಳ್ತಾ ಕೂರಲ್ಲ. ಬಿಚ್ಚಿ ಹೊಲೀತೀನಿ," ಅಂದಳು. "ನೀನೂ ಹೊಲಿಯಪ್ಪ. ಶೀಟು ಹಿಂದೆ ಬಿದ್ದಿದಾವೆ."

ಪ್ರೆಸ್ಸಿಗೆ ಒಂದು ವಾರ ರಜೆ ಹಾಕಿ ಕರಡಣ್ಣ ಶೆಡ್ಡು ಕಟ್ಟಲು ನಿಂತ. ಮೊದಲು ತಮ್ಮ ಬಚ್ಚಲು ಕಟ್ಟೋಣ ಅಂತ ಒಳಗಿನ ಆಸೆ ಪಿಸುಗುಟ್ಟಿತು. ಹೆಂಡತಿ ಒಂದು ನೋಟದಲ್ಲಿ ಅದರ ಬಾಯಿ ಮುಚ್ಚಿಸಿದಳು. ಡ್ರೈವರಣ್ಣನಿಗೆ ಸುದ್ದಿ ತಿಳಿದಾಗ, ತಾನು ಏಳದೆ ಕೂತದ್ದೇ ಕಾನೂನು ಅಂತ ಬೀಗಿ, ಅದೇ ಸೀಟಿನಿಂದ ಎರಡು ಗೋಡೆಗಳಾಚೆ ಕಣ್ಣು ಹಾಯಿಸಿ ಮೇಲ್ವಿಚಾರಣೆ ಮಾಡಿದ. ಕಂಬ ನೆಡುವಾಗ ಎಡಕ್ಕೆ, ಇನ್ನೂ ಎಡಕ್ಕೆ, ಹಿಂದೆ ಬಾ, ಹೋಲ್ಡಾನ್ ಅಂತ ಕೂಗುತ್ತಿದ್ದ. ಕಂಬ ಬಸ್‌ಸ್ಟ್ಯಾಂಡಿಗೆ ಬಂದ ಹಾಗೆ ಬಂದು ನಿಂತಿತು. ಏಳು ದಿನದಲ್ಲಿ ಕರಡಣ್ಣನ ಹತ್ತು ಬೆರಳಿಗೂ ಪಟ್ಟಿ ಬಿತ್ತು. ಶೆಡ್ಡು ಕೊಂಚ ಸೊಟ್ಟಗಿತ್ತು. ಮಳೆ ಬಂದರೆ ಒಂದು ಮೂಲೆ ಸೋರುತ್ತದೆ ಅಂತ ಅವನೇ ಒಪ್ಪಿಕೊಂಡ. ಟೇಲರಕ್ಕ ಆ ಮೂಲೆಗೊಂದು ಬಕೆಟ್ಟಿಟ್ಟು, ಮೆಷಿನ್ನುಗಳನ್ನು ಎಳೆದುಕೊಂಡು ಹೋದಳು. ಸಂಜೆ ಹಗ್ಗದ ಮೇಲಿನ ಬೆಡ್‌ಶೀಟು ಇಳಿಯಿತು. ಗೋಡೆಯ ಮೇಲೊಂದು ಬಟ್ಟಲು ಕಾಣಿಸಿತು. ಕರಡಣ್ಣನ ಹೆಂಡತಿ ಅದನ್ನು ತೆಗೆದುಕೊಂಡು ಒಳಗೆ ಹೋಗಿ, ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡಳು.

ಈ ನಡುವೆ ಅವನು ಕಚೇರಿಗೂ ಬರೆದಿದ್ದ. ಸಹಿ ತನ್ನದು, ತಪ್ಪು ತನ್ನದು, ಕೈಪಿಡಿಯ 'ಆರು' ಅನ್ನು ದಯವಿಟ್ಟು 'ಮೂರು' ಎಂದು ತಿದ್ದಿ, ಕೊಟ್ಟ ನೋಟೀಸುಗಳನ್ನು ವಾಪಸು ಪಡೆಯಬೇಕು. ಬರೆದ ಮೇಲೆ ಎದೆ ಹಗುರಾಯಿತು. ಬಚ್ಚಲಿಗೆ ಇಟ್ಟಿಗೆ ತರಿಸಿದ, ಸೋಮವಾರ ಬರಲು ಗಾರೆಯವನಿಗೆ ಹೇಳಿದ. ಶನಿವಾರ ಕಚೇರಿಯ ಉತ್ತರ ಬಂತು.

ಅದರಲ್ಲಿ ಹೀಗಿತ್ತು: 'ತಮ್ಮ ಪತ್ರವನ್ನು ಸಭೆಯು ಗಂಭೀರವಾಗಿ ಪರಿಗಣಿಸಿದೆ. ಸದರಿ ಕೈಪಿಡಿಯ ನಾಲ್ಕು ಸಾವಿರ ಪ್ರತಿಗಳು ಈಗಾಗಲೇ ನಾಗರಿಕರ ಕೈಸೇರಿರುವುದರಿಂದ ಅವುಗಳನ್ನು ವಾಪಸು ತರಿಸಿ ತಿದ್ದುವುದು ಕಾರ್ಯಸಾಧುವಲ್ಲ. ಆದ್ದರಿಂದ ಕೈಪಿಡಿಗೆ ಅನುಗುಣವಾಗಿ ಮೂಲ ಆದೇಶವನ್ನೇ ತಿದ್ದಲಾಗಿದ್ದು, ಇನ್ನು ಮುಂದೆ ಹಿಂಭಾಗದಲ್ಲಿಯೂ ಆರು ಅಡಿ ತೆರವು ಬಿಡತಕ್ಕದ್ದು. ಈ ದಿನಾಂಕದಂದು ನಿಂತಿರುವ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳಿಗೆ ನೀಡಿದ ನೋಟೀಸುಗಳನ್ನು ರದ್ದುಪಡಿಸಲಾಗಿದೆ. ಹೊಸದಾಗಿ ಕಟ್ಟುವವರು ಮಾತ್ರ ಪಾಲಿಸತಕ್ಕದ್ದು. ಆದೇಶಕ್ಕೆ ಸಮತೂಕ ತಂದುಕೊಟ್ಟ ತಮಗೆ ಸಭೆಯು ಆಭಾರಿಯಾಗಿದೆ.'

ಕರಡಣ್ಣ ಅದನ್ನು ಗೋಡೆಯ ಹತ್ತಿರ ನಿಂತು ಎಲ್ಲರಿಗೂ ಓದಿ ಹೇಳಿದ. ಟೇಲರಕ್ಕನ ಶೆಡ್ಡು ನಿಂತಿತ್ತು. ಡ್ರೈವರಣ್ಣನ ಮಾಡು ಯಾವತ್ತೂ ಬಿದ್ದೇ ಇರಲಿಲ್ಲ. ಇಡೀ ಬೀದಿಯಲ್ಲಿ ಈ ದಿನಾಂಕದಂದು ನಿಂತಿರದೇ ಇದ್ದದ್ದು ಒಂದೇ ಒಂದು ಬಚ್ಚಲು. ಒಂಬತ್ತರಲ್ಲಿ ಆರು ಬಿಟ್ಟರೆ ಉಳಿಯುವುದು ಮೂರಡಿ. ಗೋಡೆಯ ದಪ್ಪ ಕಳೆದರೆ ಅದೂ ಇಲ್ಲ. ಡ್ರೈವರಣ್ಣ ಸೀಟಿನಲ್ಲೇ ಕೂತು ಮನಸ್ಸಿನಲ್ಲಿ ಅಳೆದು, ಪರವಾಗಿಲ್ಲ, ಒಳಗೆ ಹೋಗುವಾಗ ನೇರ ಹೋಗಿ, ಬರುವಾಗ ರಿವರ್ಸ್ ಬಂದರಾಯಿತು, ತಿರುಗಿಸುವ ಪ್ರಯತ್ನ ಮಾತ್ರ ಬೇಡ ಅಂತ ಸಲಹೆ ಕೊಟ್ಟ.

ಹೆಂಡತಿ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ತಾನೇ ಒಮ್ಮೆ ಓದಿದಳು. ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದ ಸೂರ್ಯಕಾಂತಿ ಪರದೆಯ ಕಡೆ ನೋಡಿದಳು. ಆಮೇಲೆ ಕಾಗದವನ್ನು ಮತ್ತೆ ಅವನ ಕೈಗಿಟ್ಟಳು.

"ಇಷ್ಟು ವರ್ಷ ಕಂಡಕಂಡವರ ಕಾಗದದಲ್ಲೆಲ್ಲ ತಪ್ಪು ಹುಡುಕಿದ್ರಲ್ಲ," ಅಂದಳು. "ನಾನು ಯಾವತ್ತಾದ್ರೂ ಕೇಳಿದ್ನಾ? ಇವತ್ತು ಕೇಳ್ತಿದ್ದೀನಿ. ಇದರಲ್ಲಿ ಒಂದು ತಪ್ಪು ಹುಡುಕಿ. ಒಂದೇ ಒಂದು."

ಕರಡಣ್ಣ ಇಟ್ಟಿಗೆ ರಾಶಿಯ ಮೇಲೆ ಕೂತ. ಮೊದಲು ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ, ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಅರ್ಥ ಹಿಡಿದು ಓದಿದ. ಮೂರನೇ ಸಲ ಕೊನೆಯಿಂದ ಮೊದಲಿಗೆ ಓದಿದ. ಎಡಗೋಡೆಯ ಮೇಲೆ ಟೇಲರಕ್ಕ, ಬಲಗೋಡೆಯ ಆಚೆ ಡ್ರೈವರಣ್ಣ, ಎದುರಿಗೆ ಹೆಂಡತಿ, ಮೂವರೂ ಕಾದರು. ಕೊನೆಗೆ ಅವನು ಕಾಗದ ಮಡಿಸಿ, ತಲೆ ತಗ್ಗಿಸಿದ.

"ಒಂದು ತಪ್ಪೂ ಇಲ್ಲ ಕಣೇ," ಅಂದ. "ಅಚ್ಚುಕಟ್ಟಾಗಿದೆ."